ಬದುಕಿದ ಗಿಡಕ್ಕೆ ಸಂಬಳ: ಕುರಿಗಾಹಿಗಳನ್ನೇ ಸಿಬ್ಬಂದಿ ಮಾಡಿಕೊಂಡ ನಮ್ಮ ಅನುಭವ

ಗೋಮಾಳದಲ್ಲಿ ನೆಟ್ಟ ಗಿಡ ಕಾಯೋಕೆ ಕುರಿ ಕಾಯೋರನ್ನೇ ಸಂಬಳಕ್ಕೆ ಇಟ್ಟುಕೊಳ್ಳುತ್ತೇವೆ ಅಂದಾಗ ನಮ್ಮ ಸಂಸ್ಥೆಯ ಸಮಿತಿಯಲ್ಲೇ ನಕ್ಕವರಿದ್ದರು. "ತೋಳನ ಕೈಗೆ ಕುರಿ ಕೊಟ್ಟಂಗಾಯ್ತು ಬಿಡ್ರಿ" ಅಂತ ಹೊರಗೂ ಮಾತಾಯಿತು. ಈ ಪದ್ಧತಿ ಶುರುವಾಗಿ ಮೂರು ಬೇಸಿಗೆ ದಾಟಿವೆ. ಹಿರಿಯೂರು, ಚಳ್ಳಕೆರೆ ನಡುವಿನ ಮೂರು ಊರುಗಳ ಗೋಮಾಳ, ಸುಮಾರು 110 ಎಕರೆ ಗರಸು ನೆಲ. ಅಲ್ಲಿ ಕಳೆದ ವರ್ಷ ನೆಟ್ಟದ್ದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಮೇಲೆ ಗಿಡ ನಿಂತಿವೆ. ಪಂಚಾಯಿತಿ ಠರಾವು, ಗುಂಡಿ ಅಳತೆ, ಸಸಿ ಆಯ್ಕೆ ಗಿಡ ನೆಡಿಸೋ ಸಂಸ್ಥೆಗಳಿಗೆ ಗೊತ್ತಿರೋದೇ. ಇಲ್ಲಿ ಬರೆಯುತ್ತಿರೋದು ಜನದ ಲೆಕ್ಕ. ಅಂಕಿಗಳು ನೆನಪಿನಿಂದ ಬಂದವು, ನೂರಿನ್ನೂರು ಆಚೀಚೆ ಇದ್ದೀತು.

ಮೊದಲ ವರ್ಷದ ಸೋಲು ಮೊದಲು ಹೇಳಿಬಿಡಬೇಕು. ಪದವಿ ಮುಗಿಸಿದ ಇಬ್ಬರು ಹುಡುಗರು, ತಿಂಗಳಿಗೆ 15,000 ಸಂಬಳ, ಮೇಲೆ ಪೆಟ್ರೋಲ್ ಖರ್ಚು. ಜೂನ್ 5ರ ಪರಿಸರ ದಿನಕ್ಕೆ ಬ್ಯಾನರ್ ಕಟ್ಟಿ 4,000 ಸಸಿ ನೆಟ್ಟದ್ದಾಯಿತು. ಈ ಸೀಮೆಯಲ್ಲಿ ಜೂನ್ ಮಳೆಯನ್ನು ನಂಬಿ ಬೇರಿಳಿಸೋಕೆ ಆಗಲ್ಲ, ನಿಜವಾದ ಮಳೆ ಬರೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಾಗಾಗಿ ಟ್ಯಾಂಕರ್. 5,000 ಲೀಟರಿಗೆ 900 ರೂಪಾಯಿ. ಗಿಡಕ್ಕೆ 10 ಲೀಟರಿನಂತೆ ಒಂದು ಸುತ್ತಿಗೆ 8 ಟ್ಯಾಂಕರ್, ಹತ್ತು ಸುತ್ತಿಗೆ 72,000. ಹುಡುಗರು ನಾಲ್ಕು ತಿಂಗಳಿಗೆ ಬೇರೆ ಕೆಲಸ ಸಿಕ್ಕಿ ಹೊರಟರು. ತಪ್ಪು ಅವರದಲ್ಲ, ಚಿತ್ರದುರ್ಗದಲ್ಲಿ ರೂಮು ಮಾಡಿಕೊಂಡು 40 ಕಿಲೋಮೀಟರ್ ದೂರದ ಗೋಮಾಳ ಕಾಯೋದು ಕೆಲಸವೇ ಅಲ್ಲ. ಒಟ್ಟು ಆರು ಲಕ್ಷ ಖರ್ಚು, ಬೇಸಿಗೆ ಕಳೆದ ಮೇಲೆ ಉಳಿದದ್ದು 300 ಗಿಡ. ಒಂದೊಂದಕ್ಕೆ 2,000 ರೂಪಾಯಿ ಬಿತ್ತು.

ಎರಡನೇ ವರ್ಷ ದಿನಗೂಲಿ ಕಾವಲುಗಾರರು. ಕೂಲಿ 300, ಹಾಜರಿ ಪುಸ್ತಕಕ್ಕೆ ಸಹಿ. ಗಿಡ ಇದ್ದರೂ 300, ಸತ್ತರೂ 300. ಅದಕ್ಕಿಂತ ದೊಡ್ಡ ತೊಡಕು ಸಂಬಂಧದ್ದು: ಮೇಕೆ ನುಗ್ಗಿಸಿದವನು ಭಾವನೋ ಅಳಿಯನೋ ಆಗಿರುತ್ತಾನೆ, ಬಾಯಿ ಬಿಡೋಕಾಗಲ್ಲ. ಮುಳ್ಳುಬೇಲಿ ಒಲೆ ಸೇರಿತು. ಒಂದು ಕಡೆ ತಂತಿ ಹಾಕಿದೆವು, ತಿಂಗಳೊಳಗೆ ತಂತಿಯೂ ಇಲ್ಲ, ಕಲ್ಲುಕಂಬವೂ ಇಲ್ಲ.

ಮೂರನೇ ವರ್ಷ ಬದುಕಿದ ಗಿಡಕ್ಕೆ ಇಷ್ಟು ಅಂತ ತಿಂಗಳ ದರ ಕಟ್ಟಿದೆವು. ಇದೂ ಮೊದಲಿಗೆ ಕೆಟ್ಟಿತು. ಸತ್ತ ಗುಂಡಿಗೆ ಹೊಂಗೆ ಕೊಂಬೆ ಚುಚ್ಚಿದರು, ಪಕ್ಕದ ಸಾಲಿನ ಸಸಿ ಕಿತ್ತು ನೆಟ್ಟರು. ಎಣಿಸೋ ದಿನ ಎಲ್ಲ ಹಸಿರು, ವಾರ ಬಿಟ್ಟು ನೋಡಿದರೆ ಒಣ ಕಡ್ಡಿ. ಇನ್ನೊಂದು ಕಡೆ ಪ್ರಾಮಾಣಿಕವಾಗಿ ಕಾದವನ ಪಾಲಿನ ನೆಲ ಬರೀ ಬಂಡೆ, ಅರ್ಧ ಗಿಡ ಬಿಸಿಲಿಗೇ ಹೋದವು. ಅವನ ತಪ್ಪಿಲ್ಲದೆ ಅವನ ಹೊಟ್ಟೆಗೆ ಹೊಡೆದಂತಾಯಿತು. ಮೂರನೇ ತಿಂಗಳಿಗೇ ದರ ನಿಲ್ಲಿಸಿ ಲೆಕ್ಕ ಬದಲಿಸಿದೆವು.

ಈಗ ನಡೆಯುತ್ತಿರೋದು ಹೀಗೆ. ವರ್ಷಕ್ಕೆ 35 ಎಕರೆ ಮಾತ್ರ ಮೇಯಿಸೋಕೆ ಬಿಡದೆ ಮುಚ್ಚುತ್ತೇವೆ, 15 ಅಡಿಗೊಂದರಂತೆ 6,500 ಗಿಡ. ಆರು ಜನ ಕುರಿಗಾಹಿಗಳ ಕಾವಲು, ತಲೆಗೆ ಸಾವಿರ ಚಿಲ್ಲರೆ ಗಿಡ. ತಮ್ಮ ಕುರಿ ಮೇಯಿಸಿಕೊಂಡೇ ಅರ್ಧ ದಿನದ ಕೆಲಸ, ಅದಕ್ಕೆ ತಿಂಗಳಿಗೆ ಖಾಯಂ 6,000. ಇದರ ಮೇಲೆ ಮೂರು ಎಣಿಕೆ: ದೀಪಾವಳಿಗೆ ಬದುಕಿದ ಗಿಡಕ್ಕೆ 5 ರೂಪಾಯಿ, ಶಿವರಾತ್ರಿಗೆ 10, ಮೇ ತಿಂಗಳ ಕೃತ್ತಿಕಾ ಮಳೆ ಬಿದ್ದ ಮೇಲೆ 20. ಬೇಸಿಗೆ ದಾಟಿಸಿದವನಿಗೇ ದೊಡ್ಡ ಪಾಲು. ಶಿವರಾತ್ರಿ ಎಣಿಕೆಯ ದುಡ್ಡು ನಾಯಕನಹಟ್ಟಿ ಜಾತ್ರೆಗೆ ಮುಂಚೆ ಕೈ ಸೇರಬೇಕು, ತಡವಾದರೆ ಮಾತು ಕೆಡುತ್ತದೆ. ಆ ಊರಿನ ತಿಪ್ಪೇರುದ್ರಸ್ವಾಮಿಗಳ "ಮಾಡಿದಷ್ಟು ನೀಡು ಭಿಕ್ಷೆ" ಈ ಸೀಮೆಯ ಮನೆಮನೆಗೂ ಗೊತ್ತು. ದರಪಟ್ಟಿ ವಿವರಿಸೋಕೆ ನಮಗೆ ಬೇರೆ ಮಾತು ಬೇಕಾಗಲಿಲ್ಲ.

ಏಪ್ರಿಲಿನಲ್ಲಿ ಯಾಕೆ ಎಣಿಸಲ್ಲ ಅಂದರೆ, ಆಗ ಬದುಕಿದ್ದೂ ಸತ್ತಂತೆ ಕಾಣುತ್ತದೆ. ಉಗುರಲ್ಲಿ ತೊಗಟೆ ಕೆರೆದರೆ ಒಳಗೆ ಹಸಿರಿದ್ದರೆ ಬದುಕಿದೆ ಅಂತಲೇ ಲೆಕ್ಕ. ತುದಿ ಒಣಗಿ ಬುಡದಲ್ಲಿ ಚಿಗುರೋ ಗಿಡದ್ದು ಜಗಳ. ಮಳೆ ಬಿದ್ದು ಹತ್ತು ದಿನ ಕಾದರೆ ಗಿಡವೇ ತೀರ್ಪು ಹೇಳುತ್ತದೆ. ಒಂದೂರಿನ ಗಿಡ ಎಣಿಸೋದು ಇನ್ನೊಂದೂರಿನ ಕಾವಲು, ತನ್ನದನ್ನು ತಾನು ಎಣಿಸುವಂತಿಲ್ಲ. ಬದಲಿ ಸಸಿ ನೆಟ್ಟಿದ್ದರೆ ಗೊತ್ತಾಗೋ ಹಾಗೆ ನೆಡುವಾಗಲೇ ಒಂದು ಗುರುತು ಹಾಕಿರುತ್ತೇವೆ. ಅದೇನು ಅಂತ ಇಲ್ಲಿ ಬರೆಯಲ್ಲ, ನಮ್ಮ ಕಾವಲಿನವರ ಮಕ್ಕಳೂ ಇದನ್ನು ಓದುತ್ತಾರೆ. ಬಣ್ಣ ಬಳಿದ ಕಲ್ಲು, ಪ್ಲಾಸ್ಟಿಕ್ ಚೀಟಿ ಎರಡೂ ಉಪಯೋಗಕ್ಕೆ ಬರಲಿಲ್ಲ. ಚೀಟಿಯನ್ನು ಮೇಕೆ ತಿಂದವು.

ಯಾರನ್ನು ತೆಗೆದುಕೊಳ್ಳಬೇಕು ಅನ್ನೋದರಲ್ಲಿ ನಾವು ಎಡವಿದ್ದು ದೊಡ್ಡ ಮಂದೆಯವರನ್ನು ಆರಿಸಿ. 150 ಕುರಿ ಇದ್ದವನ ಮಾತಿಗೆ ತೂಕ ಇರುತ್ತದೆ ನಿಜ, ಆದರೆ ಕೊಯ್ಲು ಮುಗಿಯುತ್ತಿದ್ದಂತೆ ಅವನು ಮಂದೆ ಹೊಡೆದುಕೊಂಡು ದಾವಣಗೆರೆ ಕಡೆಯ ಗದ್ದೆ ಬಯಲಿಗೆ ಹೋಗುತ್ತಾನೆ. ಗಿಡಕ್ಕೆ ಕಾವಲು ಬೇಕಾದ ನಾಲ್ಕು ತಿಂಗಳೂ ಅವನು ಊರಲ್ಲಿರಲ್ಲ. 15ರಿಂದ 30 ಕುರಿ ಇಟ್ಟುಕೊಂಡು ಸಂಜೆ ರೊಪ್ಪಕ್ಕೇ (ಕುರಿದೊಡ್ಡಿಗೇ) ವಾಪಸಾಗೋರು ಸರಿ. ಅದರಲ್ಲೂ ಮೂರು ಊರಿಗೂ ನೀರು ಕುಡಿಸೋ ತಾವಿನ ಹತ್ತಿರ ಮನೆಯಿದ್ದವರು. ಎಲ್ಲ ಮಂದೆಯೂ ದಿನಕ್ಕೊಮ್ಮೆ ಅವರ ಕಣ್ಣ ಮುಂದೆಯೇ ಹಾಯುತ್ತವೆ. ಇನ್ನು "ಗಿಡ ಹೋದರೆ ನನ್ನ ದುಡ್ಡು ಹೋಗುತ್ತಣ್ಣ" ಅಂತ ಭಾವನ ಮುಂದೆ ಹೇಳೋಕೆ ಕಾವಲಿನವನಿಗೆ ಒಂದು ನೆವ ಸಿಕ್ಕಿತು. ಸರ್ಕಾರದ್ದು, ಸಂಸ್ಥೆಯದು ಅಂದರೆ ಯಾರೂ ಕಿವಿಗೊಡಲ್ಲ.

ಗುಂಡಿಯನ್ನೂ ಕಾವಲಿನವರಿಂದಲೇ ತೋಡಿಸಿ. ತನ್ನ ಗುಂಡಿ ತಾನೇ ತೋಡಿಕೊಳ್ಳೋದು ಬೇರೆ ಕಡೆ ಬೈಗುಳ, ನಮ್ಮಲ್ಲಿ ನಿಯಮ. ಒಂದೂವರೆ ಅಡಿ ಅಂದರೆ ಗುತ್ತಿಗೆಯವರು ಒಂದಡಿಗೆ ನಿಲ್ಲಿಸುತ್ತಾರೆ. ಕೃತ್ತಿಕೆಯ 20 ರೂಪಾಯಿ ಮೇಲೆ ಕಣ್ಣಿಟ್ಟವನು ಹಾರೆ ಹಾಕಿ ಗರಸು ಒಡೆಯುತ್ತಾನೆ. ಗುಂಡಿಗೆ 20 ರೂಪಾಯಿ. ತೋಡೋದು ಮೇ, ಜೂನಿನಲ್ಲಿ, ನೆಡೋದು ಸೆಪ್ಟೆಂಬರ್ ಹೊತ್ತಿನ ಹುಬ್ಬೆ ಮಳೆಗೆ. ಉತ್ತರೆ ಕೈಕೊಟ್ಟರೂ ಹಸ್ತೆ, ಚಿತ್ತೆ ಇರುತ್ತವೆ. ಟ್ಯಾಂಕರ್ ಖರ್ಚು ಬೇಸಿಗೆಯಲ್ಲಿ ಸೊರಗಿದ ಗಿಡಗಳಿಗೆ ಎರಡು ಮೂರು ಸುತ್ತಿಗೆ ಇಳಿಯಿತು. ಜೂನ್ 5ರ ಫೋಟೋ ಬೇಕೇ ಬೇಕು ಅನ್ನೋ ದಾನಿಗಳಿಗೆ ಶಾಲೆ ಕಾಂಪೌಂಡಿನೊಳಗೆ ಹತ್ತು ಸಸಿ ನೆಡಿಸುತ್ತೇವೆ, ನಲ್ಲಿ ಪಕ್ಕದಲ್ಲೇ ಇರುತ್ತದೆ.

ಹೊರ ಸುತ್ತಿಗೆ ಸೀತಾಫಲ, ತಂಗಡಿ, ಅದರ ಒಳಗೆ ಹೊಂಗೆ; ಮೇಕೆ ಬಾಯಿ ಹಾಕೋದು ಕಡಿಮೆ. ಕಮರ, ಬೇವು, ಬಿಳಿಜಾಲಿ ನಡುವೆ. ಎರಡು ವರ್ಷವಾದ ಮೇಲೆ ಕುರಿ ಬಿಡಬಹುದು, ಮೇಕೆಗೆ ನಾಲ್ಕು ವರ್ಷ ಕಾಯಬೇಕು. ಕುರಿ ಬಗ್ಗಿ ಮೇಯುತ್ತದೆ, ಮೇಕೆ ಎದ್ದು ನಿಂತು ಐದಡಿ ಮೇಲಿನದನ್ನೂ ಎಳೆಯುತ್ತದೆ. ಮುಚ್ಚಿದ ನೆಲದ ಹುಲ್ಲು ಕಾವಲಿನವರದೇ, ಹೊರೆ ಕಟ್ಟಿ ಒಯ್ಯಬಹುದು, ದುಡ್ಡಿಲ್ಲ. ಹುಲ್ಲು ಹೋದರೆ ಬೆಂಕಿಗೆ ಮೇವಿಲ್ಲ. ಆದರೂ ಸಂಕ್ರಾಂತಿಯೊಳಗೆ ಸುತ್ತ 12 ಅಡಿ ಕೆರೆಸಿ ಬೆಂಕಿ ದಾರಿ ಮಾಡದಿದ್ದರೆ ಒಂದು ಬೀಡಿ ಸಾಕು. ಒಂದೂವರೆ ಎಕರೆ ಹಾಗೇ ಹೋಗಿದೆ.

ನರ್ಸರಿಯಲ್ಲಿ ಮಾತ್ರ ಎಣಿಕೆ ದರ ಬೇಡ. ಚೀಲಕ್ಕಿಷ್ಟು ಅಂತ ಕೊಟ್ಟಾಗ 5 ಇಂಚು ಅಗಲ, 8 ಇಂಚು ಉದ್ದದ ಚೀಲ ದಿನಕ್ಕೆ 700 ತುಂಬಿದವು, ತಳದಲ್ಲಿ ಬರೀ ಗಾಳಿ. ನೀರು ಹಾಕಿದ ಕೂಡಲೇ ಮಣ್ಣು ಅರ್ಧಕ್ಕೆ ಕುಸಿಯಿತು. ದಿನಗೂಲಿಗೆ 400 ತುಂಬುತ್ತವೆ, ಗಟ್ಟಿಯಾಗಿ. ನಾಲ್ಕು ಹೆಣ್ಣಾಳು, ವರ್ಷಕ್ಕೆ 90 ದಿನದಷ್ಟು. ಕೂಲಿ ನರೇಗಾಕ್ಕಿಂತ ಕಡಿಮೆ ಇಟ್ಟರೆ ಯಾರೂ ಬರಲ್ಲ: 2024-25ರಲ್ಲಿ 349 ಇತ್ತು, 2025-26ಕ್ಕೆ 370 ಆಯಿತು, ನಾವೂ ಏರಿಸಿದೆವು. ಕೆಮ್ಮಣ್ಣು ಎರಡು ಪಾಲು, ಕೆರೆ ಹೂಳು ಒಂದು, ಕುರಿಗೊಬ್ಬರ ಒಂದು. ಗೊಬ್ಬರ ಮೂರು ತಿಂಗಳು ಹಳೆಯದಿರಲಿ, ಹಸಿಯದು ಬೇರು ಸುಡುತ್ತದೆ. ಎರಡು ತಿಂಗಳಿಗೊಮ್ಮೆ ಚೀಲದ ಜಾಗ ಬದಲಿಸದಿದ್ದರೆ ತಾಯಿಬೇರು ನೆಲಕ್ಕಿಳಿದು, ಎತ್ತುವಾಗ ಹರಿಯುತ್ತದೆ.

ಬೀಜದುಂಡೆಯನ್ನೂ ನೋಡಿದೆವು. 2,000 ಎಸೆದು ಮೂವತ್ತೂ ಏಳಲಿಲ್ಲ, ಇರುವೆ ಮತ್ತು ಇಲಿಗೆ ಹಬ್ಬ. ಅದಕ್ಕಿಂತ ನಮ್ಮ ಕಾವಲಿನವರದೇ ಒಂದು ವಿದ್ಯೆ ವಾಸಿ: ಬಿಳಿಜಾಲಿ ಕಾಯಿ ಸಂಜೆ ಮೇಕೆಗೆ ತಿನ್ನಿಸಿ ಬೆಳಗ್ಗೆ ರೊಪ್ಪ ಗುಡಿಸೋದು. ರಾತ್ರಿ ಮೆಲುಕು ಹಾಕುವಾಗ ಉಗುಳಿದ ಬೀಜ ಸಿಗುತ್ತವೆ. ಬಿಸಿನೀರಲ್ಲಿ ನೆನೆಸಿದ್ದಕ್ಕಿಂತ ಚೆನ್ನಾಗಿ, ನೂರಕ್ಕೆ ಅರವತ್ತರವರೆಗೆ ಮೊಳೆತವು. ಕಾಯಿಗೆ ಇನ್ನೊಂದು ಪದಾರ್ಥ ಸೇರಿಸುತ್ತಾರೆ, ಅದನ್ನು ಅವರ ಬಾಯಿಂದಲೇ ಕೇಳಿಕೊಳ್ಳಿ.

ದುಡ್ಡಿನ ಲೆಕ್ಕ. ಕಾವಲು ಆರು ಜನಕ್ಕೆ ತಿಂಗಳಿಗೆ 36,000, ಮೇಲ್ವಿಚಾರಣೆಗೆ ಅದೇ ಊರಿನ ಒಬ್ಬ ಹುಡುಗಿ 18,000, ಅರೆಕಾಲಿಕ ಲೆಕ್ಕಿಗರು 8,000. ವರ್ಷಕ್ಕೆ ಏಳೂವರೆ ಲಕ್ಷ. ನರ್ಸರಿ ಕೂಲಿ 1.3, ಗುಂಡಿ 1.3, ಮೂರು ಎಣಿಕೆ ಸೇರಿ ಒಂದೂಮುಕ್ಕಾಲು, ಚೀಲ, ಸಾಗಣೆ, ನೀರು ಎಲ್ಲ ಕೂಡಿ ಹನ್ನೆರಡೂವರೆ ಲಕ್ಷ. ಉಳಿದದ್ದು 4,700 ಗಿಡ, ಅಂದರೆ ಬದುಕಿದ ಗಿಡಕ್ಕೆ 265. ಎರಡು ಸಾವಿರ ಎಲ್ಲಿ, 265 ಎಲ್ಲಿ! ಕಾವಲಿನವರಿಗೆ ಎಣಿಕೆಯಿಂದಲೇ ವರ್ಷಕ್ಕೆ 25ರಿಂದ 34 ಸಾವಿರ, ಎರಡು ಮೂರು ಕುರಿಯ ಬೆಲೆ.

ಕಂಪನಿಗಳು ಕೊಡೋ ಸಿ.ಎಸ್.ಆರ್. (ಸಾಮಾಜಿಕ ಹೊಣೆಗಾರಿಕೆ) ದುಡ್ಡಿನಲ್ಲಿ ಸಂಬಳ ಅಂದರೆ ಮುಖ ಸಿಂಡರಿಸುತ್ತಾರೆ. ಅಂದಾಜುಪಟ್ಟಿಯಲ್ಲಿ ಸಸಿ ಬೆಲೆ ಬೇರೆ, ಸಂಬಳ ಬೇರೆ ತೋರಿಸೋದು ಬಿಟ್ಟು "ಬದುಕಿದ ಗಿಡವೊಂದಕ್ಕೆ ಇಷ್ಟು" ಅಂತ ಒಂದೇ ಸಾಲು ಬರೆದು, ಅದರ ಕೆಳಗೆ ಸಂಬಳವನ್ನು ಬಿಡಿಸಿ ತೋರಿಸಿದ ಮೇಲೆ ಒಪ್ಪಿದರು. ಆ ದುಡ್ಡು ಬಹುತೇಕ ಮಾರ್ಚಿನ ಕೊನೆಗೆ ಬರುತ್ತದೆ, ಮುಂದಿನ ಕಂತು ಯಾವಾಗಲೋ. ನಾಲ್ಕು ತಿಂಗಳ ಸಂಬಳ, ಎರಡೂವರೆ ಲಕ್ಷ, ಮುಟ್ಟದೆ ಇಟ್ಟಿರಬೇಕು. ಒಮ್ಮೆ ಇರಲಿಲ್ಲ, ಎರಡು ತಿಂಗಳು ಸಂಬಳ ನಿಂತಾಗ ಸತ್ತ ಗಿಡಗಳು ಇಡೀ ಬೇಸಿಗೆಯವಕ್ಕಿಂತ ಹೆಚ್ಚು.

ಭದ್ರಾ ನಾಲೆಯ ಸೀಮೆಯಲ್ಲಿ, ಚನ್ನಗಿರಿ ಕಡೆ, ಇದು ನಡೆಯಲಿಕ್ಕಿಲ್ಲ. ಅಡಿಕೆ ತೋಟದ ಕೂಲಿ ಬಿಟ್ಟು 6,000ಕ್ಕೆ ಯಾರು ಬರುತ್ತಾರೆ?

ಲೆಕ್ಕಿಗರಿಗೆ ಕೊಡೋ 8,000 ಉಳಿಸೋಕೆ ಹೋಗಬೇಡಿ. 80ಜಿ ತೆರಿಗೆ ರಿಯಾಯಿತಿ ಪಡೆಯೋ ದಾನಿಗಳ ವಿವರದ 10ಬಿಡಿ ನಮೂನೆ ಆದಾಯ ತೆರಿಗೆ ಇಲಾಖೆಗೆ ಮೇ 31ರೊಳಗೆ ಹೋಗಬೇಕು, ತಪ್ಪಿದರೆ ದಿನಕ್ಕೆ 200 ರೂಪಾಯಿ. ಆಳು ಹತ್ತು ಮುಟ್ಟಿದರೆ ಇ.ಎಸ್.ಐ., ಇಪ್ಪತ್ತಾದರೆ ಪಿ.ಎಫ್. ಪ್ರಶ್ನೆ ಏಳುತ್ತದೆ, ಮೊದಲೇ ಕೇಳಿಟ್ಟುಕೊಳ್ಳಿ. ಹಾವು, ಬಂಡೆ, ಸಿಡಿಲು ಇರೋ ಕೆಲಸವಿದು. ಎಲ್ಲರಿಗೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಿ, ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷ. ವಿಮೆಯ ವರ್ಷ ಜೂನ್ 1ಕ್ಕೆ ಶುರು. ದುಡ್ಡು ಖಾತೆಯಿಂದ ತಾನಾಗೇ ಕಡಿತವಾಗೋದರಿಂದ ಮೇ ಕೊನೆಯ ವಾರ ಪ್ರತಿಯೊಬ್ಬರ ಪಾಸ್‌ಬುಕ್ಕಿನಲ್ಲೂ ಆ 20 ರೂಪಾಯಿ ಇದೆಯಾ ಅಂತ ಕೂತು ನೋಡಬೇಕು.