ಬೆನ್ನಿನ ನರದ ಕಾಯಿಲೆ ತಡವಾಗಿ ಪತ್ತೆಯಾಯಿತೇ? ಕೇಸಿಗೆ ಮುಂಚೆ ಗಂಟೆಯ ಲೆಕ್ಕ ಬರೆಯಿರಿ

ವಕೀಲರ ಹತ್ತಿರ ಹೋಗುವ ಮುಂಚೆ ಒಂದು ನೋಟ್‌ಬುಕ್ ತಗೊಳ್ಳಿ. ಮೂರು ಕಾಲಂ ಹಾಕಿ: ಎಷ್ಟು ಗಂಟೆಗೆ, ರೋಗಿ ಏನು ಹೇಳಿದ, ಆಸ್ಪತ್ರೆಯವರು ಏನು ಮಾಡಿದರು. ನಾನು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಮಂಡಿಯೊಂದರ ಲೆಕ್ಕ ಬರೆಯುವವಳು, ಕಾಲಂ ಹಾಕದೆ ನನಗೆ ತಲೆ ಓಡುವುದಿಲ್ಲ. ಆದರೆ ಈ ಥರದ ಕೇಸಿನಲ್ಲಿ ವಕೀಲರೂ ಮೊದಲು ಕೇಳುವುದು ಇದನ್ನೇ.

ಕಾಯಿಲೆಯ ಹೆಸರು ಕಾಡಾ ಈಕ್ವೈನಾ ಸಿಂಡ್ರೋಮ್. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅಲ್ಲಿಂದ ಕೆಳಗೆ ನರಗಳು ಗೊಂಚಲಾಗಿ ಇಳಿಯುತ್ತವೆ. ಡಿಸ್ಕ್ ಜಾರಿ ಆ ಗೊಂಚಲನ್ನು ಅದುಮಿದರೆ ಒಂದಕ್ಕೆ, ಎರಡಕ್ಕೆ ಹೋಗುವ ಹಿಡಿತವೇ ತಪ್ಪಬಹುದು. ಎರಡೂ ಕಾಲಿಗೆ ನೋವು ಇಳಿಯುವುದು, ತೊಡೆಸಂದು ಮತ್ತು ಕೂರುವ ಜಾಗ ಮರಗಟ್ಟುವುದು, ಮೂತ್ರ ಕಟ್ಟುವುದು ಕಂಡರೆ ತುರ್ತಾಗಿ ಎಂಆರ್‌ಐ ಆಗಬೇಕು. ಒತ್ತಡ ಇದ್ದರೆ ಬೇಗ ಆಪರೇಷನ್ ಆಗಬೇಕು. 48 ಗಂಟೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅಷ್ಟು ಹೊತ್ತು ಕಾಯಬಹುದು ಅಂತ ಅದರ ಅರ್ಥ ಅಲ್ಲ.

ನನ್ನ ತಮ್ಮ ಅದೇ ಯಾರ್ಡಿನಲ್ಲಿ ಹಮಾಲಿ. ಮೊದಲ ಸಲ ಆಸ್ಪತ್ರೆಗೆ ಹೋದಾಗ ಬರೀ ಸೊಂಟನೋವು ಇತ್ತು. ಮಾತ್ರೆ ಕೊಟ್ಟು ಕಳಿಸಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಎರಡನೇ ಸಲ ಹೋದಾಗ ಹೊರಗಿನ ಬೆಂಚಿನ ಮೇಲೆ ಕೂತವನು, "ಅಕ್ಕಾ, ಕುಂತ್ರೆ ಕುಂತಂಗೇ ಅನ್ಸಲ್ಲ. ಬ್ಯಾರೆ ಯಾರೋ ಕುಂತಂಗೈತಿ" ಎಂದ. ಒಳಗೆ ಡಾಕ್ಟರ ಮುಂದೆಯೂ ಅದನ್ನೇ ಹೇಳಿದ. ಚೀಟಿಯಲ್ಲಿ ಬಂದದ್ದು ಮತ್ತೆ ಸೊಂಟನೋವು, ಒಂದು ಇಂಜೆಕ್ಷನ್, ಐದು ದಿನದ ಮಾತ್ರೆ. ಕೇಸು ನಿಲ್ಲುವುದು ಈ ಎರಡನೇ ಚೀಟಿಯ ಮೇಲೆ.

ಏಕೆಂದರೆ ಡಾಕ್ಟರ ಅಂದಾಜು ತಪ್ಪಿದ ಮಾತ್ರಕ್ಕೆ ನಿರ್ಲಕ್ಷ್ಯ ಆಗುವುದಿಲ್ಲ. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲೇ ಇದನ್ನು ಹೇಳಿದೆ. ಸಾಧಾರಣ ಜಾಣ್ಮೆಯ ವೈದ್ಯರು ಆ ಹೊತ್ತಿಗೆ ಮಾಡುತ್ತಿದ್ದ ಪರೀಕ್ಷೆಯನ್ನು ಇವರು ಮಾಡಲಿಲ್ಲ ಎಂದು ತೋರಿಸಬೇಕು. ಇನ್ನೂ ಕಷ್ಟದ್ದು ಇದರ ಮುಂದಿದೆ: ಬೇಗ ಆಪರೇಷನ್ ಆಗಿದ್ದರೆ ಇಷ್ಟು ಹಾನಿ ಆಗುತ್ತಿರಲಿಲ್ಲ ಎಂದೂ ತೋರಿಸಬೇಕು. ಮೂತ್ರ ಪೂರ್ತಿ ಕಟ್ಟುವ ಮುಂಚೆ ಆಸ್ಪತ್ರೆ ಸೇರಿದ್ದಿರೋ ಆಮೇಲೋ ಎನ್ನುವುದು ಇಲ್ಲಿ ತುಂಬಾ ಮುಖ್ಯ.

ಅದಕ್ಕೇ ದಾಖಲೆ. ಡಿಸ್ಚಾರ್ಜ್ ಸಮ್ಮರಿ ಒಂದನ್ನೇ ಹಿಡಿದು ಬರಬೇಡಿ, ಅದು ಕೊನೆಗೆ ಕೂತು ಬರೆದದ್ದು. ಪೂರ್ತಿ ಕೇಸ್ ಶೀಟ್, ನರ್ಸ್ ಚಾರ್ಟ್, ಎಂಆರ್‌ಐ ಸಿಡಿ, ಒಪಿಡಿ ಚೀಟಿಗಳನ್ನೆಲ್ಲ ಬರವಣಿಗೆಯಲ್ಲಿ ಕೇಳಿ, ಅರ್ಜಿಯ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು. ನಮಗೆ ಸಿಕ್ಕ ನರ್ಸ್ ಚಾರ್ಟಿನಲ್ಲಿ ಪೈಪ್ ಹಾಕಿದಾಗ 900 ಎಂಎಲ್ ಮೂತ್ರ ಬಂತು ಎಂದು ಗಂಟೆ ಸಮೇತ ಇತ್ತು. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ಸಾಲೇ ಇಲ್ಲ! ಹಾಗೇ, "ಒಂದಕ್ಕೆ ಬರ್ತಿಲ್ಲ" ಅಂತ ತಮ್ಮ ಬೆಳಗಿನ ಜಾವ ಕಳಿಸಿದ್ದ ವಾಟ್ಸಾಪ್ ವಾಯ್ಸ್ ಮೆಸೇಜ್ ಕೂಡ ಸಾಕ್ಷಿಯೇ. ಆ ಫೋನನ್ನು ಸದ್ಯಕ್ಕೆ ಮಾರಬೇಡಿ.

ಇನ್ನು ತಜ್ಞರ ಅಭಿಪ್ರಾಯ. ಪ್ರತಿ ಕೇಸಿಗೂ ಅದು ಕಡ್ಡಾಯ ಅಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ನಿಜ. ಆದರೂ ಈ ಕಾಯಿಲೆಯಲ್ಲಿ ಅದಿಲ್ಲದೆ ಇಳಿಯಬಾರದು ಎಂಬುದು ನನ್ನ ಮಾತು. ಊರಿನ ಡಾಕ್ಟರು ಊರಿನವರ ವಿರುದ್ಧ ಬರೆದುಕೊಡುವುದು ಕಷ್ಟ, ಅಲ್ವಾ? ಬೇರೆ ಊರಿನ ನರಶಸ್ತ್ರಚಿಕಿತ್ಸಕರಿಗೆ ನೋಟ್‌ಬುಕ್ ಮತ್ತು ಚಾರ್ಟ್ ತೋರಿಸಿ. ಅವರು "ಇದರಲ್ಲಿ ಹುರುಳಿಲ್ಲ" ಎಂದರೆ ಅದನ್ನೂ ಕಿವಿಗೆ ಹಾಕಿಕೊಳ್ಳಿ.

ದುಡ್ಡು ಕೊಟ್ಟು ಚಿಕಿತ್ಸೆ ಪಡೆದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಆಸ್ಪತ್ರೆ ಬೇರೆ ಜಿಲ್ಲೆಯಲ್ಲಿದ್ದರೂ ನೀವಿರುವ ಜಿಲ್ಲೆಯಲ್ಲೇ ಹಾಕಬಹುದು, 2019ರ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ. ಕಟ್ಟಿದ ಬಿಲ್ಲು 5 ಲಕ್ಷ ರೂಪಾಯಿ ದಾಟಿರದಿದ್ದರೆ ಶುಲ್ಕ ಇಲ್ಲ. ಗಡುವು ಎರಡು ವರ್ಷ. ತಡವಾದರೆ ತಕ್ಕ ಕಾರಣ ಕೊಡಬೇಕು, ಅದನ್ನು ನಂಬಿ ಸುಮ್ನೆ ಕೂರಬೇಡಿ. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಸರ್ಕಾರಿ ಆಸ್ಪತ್ರೆಯಾದರೆ ಈ ದಾರಿ ಇಲ್ಲ, ಸಿವಿಲ್ ಕೋರ್ಟೇ ಗತಿ. ಕರ್ನಾಟಕ ವೈದ್ಯಕೀಯ ಪರಿಷತ್ತು ಡಾಕ್ಟರ ಮೇಲೆ ಶಿಸ್ತು ಕ್ರಮ ತಗೊಳ್ಳಬಹುದು, ಆದರೆ ನಿಮಗೆ ಪರಿಹಾರ ಕೊಡಿಸುವುದಿಲ್ಲ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ 15100ಗೆ ಫೋನ್ ಮಾಡಿ.

ಎಷ್ಟು ಕೇಳಬೇಕು ಅನ್ನುವುದಕ್ಕೂ ಕಾಗದ ಬೇಕು. ಕ್ಯಾತಿಟರ್, ಡಯಾಪರ್, ಫಿಸಿಯೋಥೆರಪಿ, ಆಟೋ ಬಾಡಿಗೆ, ಎಲ್ಲದರ ರಸೀದಿ ಇಡಿ. ನಮ್ಮಂಥವರಿಗೆ ತೊಡಕಾಗುವುದು ದುಡಿಮೆಯ ಲೆಕ್ಕ. ಹಮಾಲಿಗೆ ಸಂಬಳ ಚೀಟಿ ಎಲ್ಲಿ ಬರುತ್ತದೆ? ಮಂಡಿಯ ಕೂಲಿ ಪುಸ್ತಕದಲ್ಲಿ ಅವನ ಹೆಸರಿರುವ ಪುಟಗಳ ಜೆರಾಕ್ಸ್ ತೆಗೆಸಿ, ಮಾಲೀಕರ ಸಹಿ, ಸೀಲು ಹಾಕಿಸಿ. ಸುಗ್ಗಿಯ ತಿಂಗಳು ಒಂದನ್ನೇ ಆರಿಸಬೇಡಿ, ವರ್ಷವಿಡೀ ತೋರಿಸಿ. ಎದುರಿನ ವಕೀಲರು ಮಳೆಗಾಲದ ಪುಟವನ್ನು ಕೇಳಿಯೇ ಕೇಳುತ್ತಾರೆ.