ದೇಣಿಗೆ ರಸೀದಿಯಿಂದ 80ಜಿ ಪ್ರಮಾಣಪತ್ರದವರೆಗೆ: ಸಣ್ಣ ಟ್ರಸ್ಟುಗಳ ಖಜಾಂಚಿಗಳಿಗೆ

ನನ್ನ ಮೇಜಿನ ಮೇಲೆ ಗ್ರಾಮೀಣ ಟ್ರಸ್ಟೊಂದರ ರಸೀದಿ ಪುಸ್ತಕವಿದೆ. ಅದರ 137ನೆಯ ರಸೀದಿಯಲ್ಲಿ ‘ಶ್ರೀ ಮಂಜುನಾಥ್, 5,000/-, ಬಾಬ್ತು: ದೇಣಿಗೆ’ ಎಂದಷ್ಟೇ ಬರೆದಿದೆ. ವಿಳಾಸವಿಲ್ಲ, ಪ್ಯಾನ್ ಸಂಖ್ಯೆಯಿಲ್ಲ, ಹಣ ನಗದಾಗಿ ಬಂತೋ ಚೆಕ್ಕಿನಲ್ಲಿ ಬಂತೋ ಎಂಬುದೂ ತಿಳಿಯುವುದಿಲ್ಲ. ಆ ಊರಿನಲ್ಲಿ ಮಂಜುನಾಥ ಎಂಬ ಹೆಸರಿನವರು ಎಷ್ಟು ಮಂದಿ ಇರಬಹುದು ಎಂಬುದನ್ನು ಓದುಗರೇ ಊಹಿಸಬಹುದು. ಹತ್ತು ವರ್ಷದ ಹಿಂದಾಗಿದ್ದರೆ ಇಂಥ ರಸೀದಿಯನ್ನು ತೆರಿಗೆ ಲೆಕ್ಕಕ್ಕೆ ಲಗತ್ತಿಸಿಕೊಂಡು ದಾನಿಯೂ ಟ್ರಸ್ಟೂ ನೆಮ್ಮದಿಯಾಗಿ ಇರುತ್ತಿದ್ದರು. ಈಗ ಹಾಗಿಲ್ಲ. 2021–22ರ ಆರ್ಥಿಕ ವರ್ಷದಿಂದೀಚೆಗೆ, ಟ್ರಸ್ಟು ತನ್ನ ದಾನಿಗಳ ಪಟ್ಟಿಯನ್ನು 10ಬಿಡಿ ಎಂಬ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸಿ, ಅಲ್ಲಿಂದ ಹುಟ್ಟುವ 10ಬಿಇ ಪ್ರಮಾಣಪತ್ರವನ್ನು ದಾನಿಯ ಕೈಗೆ ಕೊಟ್ಟರೆ ಮಾತ್ರ ದಾನಿಗೆ 80ಜಿ ವಿನಾಯಿತಿ, ಅಂದರೆ ಕೊಟ್ಟ ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ, ದಕ್ಕುತ್ತದೆ. ಈ ಕೆಲಸವನ್ನು ಮೇ ತಿಂಗಳ ಕೊನೆಯ ವಾರದಲ್ಲಿ ಮಾಡುವಂಥದ್ದೆಂದು ಬಹುತೇಕ ಖಜಾಂಚಿಗಳು ಭಾವಿಸಿದ್ದಾರೆ. ವಾಸ್ತವವಾಗಿ ಅದು ಕೆಡುವುದೂ ಸರಿಯಾಗುವುದೂ ರಸೀದಿ ಬರೆಯುವ ಆ ಒಂದು ನಿಮಿಷದಲ್ಲಿ.

ಆರಂಭಿಸುವ ಮುನ್ನ ಹೆಸರುಗಳ ಬಗ್ಗೆ ಒಂದು ಮಾತು. 1961ರ ಆದಾಯ ತೆರಿಗೆ ಕಾಯ್ದೆಯ ಸ್ಥಾನದಲ್ಲಿ 2025ರ ಕಾಯ್ದೆ ಬಂದಿದ್ದು, ಅದರ ಜಾರಿಯ ದಿನ 2026ರ ಏಪ್ರಿಲ್ 1. ಹೊಸ ಕಾಯ್ದೆ ನಮ್ಮಂಥ ಸಂಸ್ಥೆಗಳನ್ನೆಲ್ಲ ‘ನೋಂದಾಯಿತ ಲಾಭರಹಿತ ಸಂಸ್ಥೆ’ ಎಂಬ ಒಂದೇ ಹೆಸರಿನಡಿ ತಂದು, ಅವುಗಳ ನಿಯಮಗಳನ್ನು 332ನೆಯ ಕಲಮಿನಿಂದ ಒಂದೆಡೆ ಜೋಡಿಸಿದೆ. ಹಳೆಯ 80ಜಿ ಅಲ್ಲಿ 133ನೆಯ ಕಲಮು. ಆದರೂ ದಾನಿಗಳ ಬಾಯಲ್ಲಿ ಅದು ಇನ್ನೂ 80ಜಿ ಆಗಿಯೇ ಇರುವುದರಿಂದ ಹಳೆಯ ಹೆಸರುಗಳನ್ನೇ ಇಲ್ಲಿ ಬಳಸಿದ್ದೇನೆ. ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ಬೇರೆ ಸಂಖ್ಯೆ ಕಂಡರೆ ಗಾಬರಿಯಾಗಬೇಕಿಲ್ಲ.

ಮೊದಲು ನಿಮ್ಮ ಆದೇಶಪತ್ರ ತೆಗೆಯಿರಿ

ಒಮ್ಮೆ ಸಿಕ್ಕ 12ಎ (ಟ್ರಸ್ಟಿನ ಸ್ವಂತ ಆದಾಯಕ್ಕೆ ತೆರಿಗೆ ವಿನಾಯಿತಿ ಕೊಡಿಸುವಂಥದ್ದು) ಮತ್ತು 80ಜಿ ನೋಂದಣಿ ಶಾಶ್ವತ ಎಂಬ ಕಾಲ 2021ರ ಏಪ್ರಿಲ್ 1ಕ್ಕೆ ಮುಗಿಯಿತು. ಈಗ ಎಲ್ಲವೂ ಅವಧಿಗೆ ಒಳಪಟ್ಟವು: ಹೊಸ ಸಂಸ್ಥೆಗೆ ಸಿಗುವ ತಾತ್ಕಾಲಿಕ ನೋಂದಣಿ 3 ವರ್ಷದ್ದು, ಪೂರ್ಣ ನೋಂದಣಿ 5 ವರ್ಷದ್ದು, ಅವಧಿ ಮುಗಿಯುವುದಕ್ಕೆ ಕನಿಷ್ಠ 6 ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು. 2025ರ ಹಣಕಾಸು ಕಾಯ್ದೆ ಸಣ್ಣ ಸಂಸ್ಥೆಗಳಿಗೆ ಒಂದು ಅನುಕೂಲ ಮಾಡಿಕೊಟ್ಟಿತು. ಅರ್ಜಿ ಹಾಕುವ ವರ್ಷದ ಹಿಂದಿನ ಎರಡು ವರ್ಷಗಳಲ್ಲೂ ಆದಾಯ 5 ಕೋಟಿ ರೂಪಾಯಿ ಮೀರದಿದ್ದರೆ ನವೀಕೃತ ನೋಂದಣಿ 10 ವರ್ಷ ಬಾಳುತ್ತದೆ. ಈ ಸುದ್ದಿಯನ್ನು ಅರ್ಧ ಕೇಳಿಸಿಕೊಂಡವರೇ ಹೆಚ್ಚು. ಹತ್ತು ವರ್ಷದ ಅವಧಿ 12ಎಬಿ (ಹಳೆಯ 12ಎ ಸ್ಥಾನಕ್ಕೆ ಬಂದ) ನೋಂದಣಿಗೆ ಮಾತ್ರ. 80ಜಿ ಅನುಮೋದನೆಗೆ ಆ ತಿದ್ದುಪಡಿ ತಾಗಲಿಲ್ಲ, ಅದು 5 ವರ್ಷದ್ದಾಗಿಯೇ ಉಳಿಯಿತು. ಎರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಆದೇಶ. ಆದ್ದರಿಂದ ಎರಡರ ಕೊನೆಯ ದಿನಾಂಕಗಳನ್ನೂ ಕಚೇರಿಯ ಗೋಡೆಯ ಕ್ಯಾಲೆಂಡರಿನ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. 12ಎಬಿ ಅರ್ಜಿ ತಡವಾಗಿದ್ದರೆ, ಸಕಾರಣವಿದ್ದಲ್ಲಿ ಅದನ್ನು ಮನ್ನಿಸುವ ಅಧಿಕಾರವನ್ನು 2024ರ ಅಕ್ಟೋಬರ್ 1ರಿಂದ ಆಯುಕ್ತರಿಗೇ ಕೊಡಲಾಗಿದೆ. ಆದರೆ ‘ಮರೆತುಹೋಯಿತು’ ಎಂಬುದನ್ನು ಸಕಾರಣವೆಂದು ನಂಬಿಕೊಳ್ಳಬೇಡಿ.

ಆದೇಶಪತ್ರದಲ್ಲಿ 16 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆಯೊಂದಿರುತ್ತದೆ, ಬಳಕೆಯಲ್ಲಿ ಅದಕ್ಕೆ ಯುಆರ್‌ಎನ್ ಎನ್ನುತ್ತಾರೆ. 12ಎಬಿಯ ಯುಆರ್‌ಎನ್ ಬೇರೆ, 80ಜಿಯದು ಬೇರೆ. ರಸೀದಿಯ ಮೇಲೂ 10ಬಿಡಿಯಲ್ಲೂ ಬರಬೇಕಾದದ್ದು 80ಜಿಯದು. ಹಿಂದಿನ ಆದೇಶದ ಸಂಖ್ಯೆಯನ್ನು ಅಚ್ಚು ಹಾಕಿಸಿದ ಐವತ್ತು ಪುಸ್ತಕ ಬೀರುವಿನಲ್ಲಿ ಉಳಿದಿವೆಯೆಂದು ಅವನ್ನೇ ಬಳಸುತ್ತಿರುವ ಸಂಸ್ಥೆಗಳನ್ನು ನೋಡಿದ್ದೇನೆ. ಕಾಗದದ ಮೇಲೆ ಕರುಣೆ ಬೇಡ. ಕನಿಷ್ಠ ಒಂದು ರಬ್ಬರ್ ಸ್ಟಾಂಪ್ ಮಾಡಿಸಿ ಹೊಸ ಸಂಖ್ಯೆಯನ್ನು ಒತ್ತಿ.

ಇನ್ನೂ ಒಂದು ಸಂಗತಿಯನ್ನು ಇಲ್ಲೇ ಹೇಳಬೇಕು. ಪೂಜೆ-ಪ್ರಾರ್ಥನೆಗಳೇ ಉದ್ದೇಶವಾಗಿರುವ ದೇವಸ್ಥಾನ, ಮಸೀದಿ, ಚರ್ಚುಗಳ ಸಮಿತಿಗೆ ಸಾಮಾನ್ಯವಾಗಿ 80ಜಿ ಸಿಗುವುದಿಲ್ಲ. ಐತಿಹಾಸಿಕ ಮಹತ್ವದವೆಂದು ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಆರಾಧನಾ ಸ್ಥಳಗಳ ಜೀರ್ಣೋದ್ಧಾರಕ್ಕೆ ಕೊಟ್ಟ ಹಣ ಇದಕ್ಕೆ ಅಪವಾದ. ಶಾಲೆ, ಆಸ್ಪತ್ರೆ, ಅನಾಥಾಲಯ ನಡೆಸುವ ದತ್ತಿ ಟ್ರಸ್ಟು ಅನುಮೋದನೆ ಪಡೆದಿದ್ದರೂ ವರ್ಷದ ಆದಾಯದ ಶೇ 5ಕ್ಕಿಂತ ಹೆಚ್ಚನ್ನು ಧಾರ್ಮಿಕ ಕಾರ್ಯಕ್ಕೆ ಖರ್ಚು ಮಾಡುವಂತಿಲ್ಲ. ಚರ್ಚಿನ ಸಮಿತಿ ಮತ್ತು ಅದರ ಶಾಲೆಯ ಟ್ರಸ್ಟು ಬೇರೆ ಬೇರೆಯಾಗಿದ್ದರೆ ಎರಡಕ್ಕೂ ಒಂದೇ ರಸೀದಿ ಪುಸ್ತಕ ಇಡಬೇಡಿ.

ರಸೀದಿ ಬರೆಯುವ ನಿಮಿಷ

ದಾನಿ ಎದುರಿಗೆ ಕುಳಿತಾಗ ಮೊದಲು ಕೇಳಬೇಕಾದ ಪ್ರಶ್ನೆ ‘ನಿಮಗೆ 80ಜಿ ಬೇಕೇ?’ ಎಂಬುದು. ಹೊಸ ತೆರಿಗೆ ಪದ್ಧತಿಯನ್ನು ಆಯ್ದುಕೊಂಡ ವ್ಯಕ್ತಿಗೆ 80ಜಿ ವಿನಾಯಿತಿಯೇ ಇಲ್ಲ, ಮತ್ತು ಈಗ ಬೇರೆ ಆಯ್ಕೆ ಮಾಡದವರಿಗೆಲ್ಲ ಅನ್ವಯವಾಗುವುದು ಹೊಸ ಪದ್ಧತಿಯೇ. ಬೇಕು ಎಂದವರಿಗೂ ಸಾಮಾನ್ಯ ಟ್ರಸ್ಟಿಗೆ ಕೊಟ್ಟ ಹಣದ ಅರ್ಧಕ್ಕೆ ಮಾತ್ರ, ಅದೂ ಅವರ ಆದಾಯದ ಶೇ 10ರ ಮಿತಿಯೊಳಗೆ, ವಿನಾಯಿತಿ ಸಿಗುತ್ತದೆ. ‘ಪೂರ್ತಿ ಟ್ಯಾಕ್ಸ್ ಫ್ರೀ’ ಎಂದು ಹೇಳಿ ದೇಣಿಗೆ ಕೇಳುವ ಕಾರ್ಯದರ್ಶಿಗಳ ಮಾತು ಜೂನ್ ತಿಂಗಳಲ್ಲಿ ಖಜಾಂಚಿಯ ಕುತ್ತಿಗೆಗೆ ಬರುತ್ತದೆ.

ಬೇಕು ಎಂದರೆ ಹೆಸರನ್ನು ಕೇಳಿ ಬರೆಯಬೇಡಿ, ಪ್ಯಾನ್ ಕಾರ್ಡನ್ನು ನೋಡಿ ಬರೆಯಿರಿ. ಊರಿನಲ್ಲಿ ‘ಗೌಡ್ರು’, ‘ಮೇಷ್ಟ್ರು’, ‘ರಾಜಣ್ಣ’ ಆಗಿರುವವರು ಕಾರ್ಡಿನಲ್ಲಿ ತಂದೆಯ ಹೆಸರು, ಊರಿನ ಹೆಸರನ್ನೆಲ್ಲ ಸೇರಿಸಿಕೊಂಡ ಇನ್ನೊಬ್ಬರೇ ಆಗಿರುತ್ತಾರೆ. ಪ್ಯಾನ್ ಸಂಖ್ಯೆಯಲ್ಲಿ ಮೊದಲ ಐದು ಅಕ್ಷರ, ನಂತರ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ಈ ಕ್ರಮ ನೆನಪಿದ್ದರೆ ‘ಓ’ ಅಕ್ಷರವನ್ನು ಸೊನ್ನೆಯೆಂದೂ ‘ಐ’ ಅಕ್ಷರವನ್ನು ಒಂದೆಂದೂ ಬರೆಯುವ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನಾಲ್ಕನೆಯ ಅಕ್ಷರ ಇನ್ನೊಂದು ಗುಟ್ಟು ಹೇಳುತ್ತದೆ: ಅಲ್ಲಿ ‘ಪಿ’ ಇದ್ದರೆ ವ್ಯಕ್ತಿ, ‘ಸಿ’ ಇದ್ದರೆ ಕಂಪನಿ, ‘ಎಚ್’ ಇದ್ದರೆ ಹಿಂದೂ ಅವಿಭಕ್ತ ಕುಟುಂಬ. ಯಜಮಾನರ ಹೆಸರಿನ ರಸೀದಿಯಲ್ಲಿ ಅವರ ಕಂಪನಿಯ ಪ್ಯಾನ್ ಬರೆದುಕೊಂಡರೆ ಇಬ್ಬರಿಗೂ ವಿನಾಯಿತಿ ಸಿಗದೆ ಹೋಗುತ್ತದೆ. ಪ್ಯಾನ್ ಇಲ್ಲದವರ ಆಧಾರ್ ಸಂಖ್ಯೆ ಪಡೆಯಬಹುದು. ಎರಡೂ ಇಲ್ಲದಿದ್ದರೆ ಪಾಸ್‌ಪೋರ್ಟ್, ಮತದಾರರ ಚೀಟಿ, ವಾಹನ ಚಾಲನಾ ಪರವಾನಗಿ, ಪಡಿತರ ಚೀಟಿಗಳಲ್ಲಿ ಯಾವುದಾದರೂ ಒಂದು ಆಗುತ್ತದೆ. ನಾನು ಮಾತ್ರ ಪ್ಯಾನ್ ಇಲ್ಲವೆ ಆಧಾರ್‌ಗೇ ಅಂಟಿಕೊಳ್ಳಿ ಎನ್ನುತ್ತೇನೆ.

ಹಣ ಬಂದ ಬಗೆಯನ್ನು ಬರೆಯುವುದು ಎರಡನೆಯ ಎಡವಟ್ಟಿನ ಜಾಗ. ನಗದಾಗಿ ಕೊಟ್ಟ ದೇಣಿಗೆ 2,000 ರೂಪಾಯಿ ಮೀರಿದರೆ ಅದಕ್ಕೆ 80ಜಿ ಇಲ್ಲ. ಹತ್ತು ಸಾವಿರ ನಗದು ಪಡೆದು ಎರಡೆರಡು ಸಾವಿರದ ಐದು ರಸೀದಿ ಹರಿದು ಕೊಡುವ ಜಾಣತನ ಎಲ್ಲ ಊರಿನಲ್ಲೂ ಇದೆ. ಒಂದೇ ದಿನಾಂಕ, ಒಂದೇ ಹೆಸರು, ಒಂದರ ಹಿಂದೊಂದು ಕ್ರಮಸಂಖ್ಯೆ ಇರುವ ಐದು ರಸೀದಿಗಳನ್ನು ಕಂಡ ಅಧಿಕಾರಿ ಉಳಿದ ಪುಸ್ತಕವನ್ನೂ ನಂಬುವುದಿಲ್ಲ. ಒಂದು ಅಕ್ಕಿಮೂಟೆಗೋ ಒಂದು ಲೋಡು ಇಟ್ಟಿಗೆಗೋ ಕೃತಜ್ಞತೆಯ ರಸೀದಿ ಕೊಡಿ, ಆದರೆ ವಸ್ತುರೂಪದ ದಾನಕ್ಕೆ ವಿನಾಯಿತಿ ಇಲ್ಲವೆಂದು ಆಗಲೇ ತಿಳಿಸಿ. ಹರಾಜಿನ ಸವಾಲಿನಲ್ಲಿ ಪೈಪೋಟಿಯ ಮೇಲೆ ಐದು ಸಾವಿರಕ್ಕೆ ಹಿಡಿದ ಕುಂಬಳಕಾಯಿಯ ಹಣವನ್ನು ದೇಣಿಗೆಯೆಂದು ಬರೆಯದೆ ಬೇರೆ ಖಾತೆಯಲ್ಲಿ ಇಡುವುದೇ ಕ್ಷೇಮ.

ಯುಪಿಐ ಬಂದ ಮೇಲೆ ಕೆಲಸ ಸುಲಭವಾಯಿತೆಂದು ಹೇಳುವವರು ಬ್ಯಾಂಕ್ ಪಾಸ್‌ಬುಕ್ ಎದುರಿಟ್ಟುಕೊಂಡು ಕುಳಿತಿಲ್ಲ. ಮೊಬೈಲ್ ಸಂಖ್ಯೆಯ ತುಂಡೋ ಅಡ್ಡಹೆಸರೋ ಬಿಟ್ಟರೆ ಅಲ್ಲಿ ಏನೂ ಇರುವುದಿಲ್ಲ. ಆದ್ದರಿಂದ ಕ್ಯೂಆರ್ ಕೋಡಿನ ಪಕ್ಕದಲ್ಲೇ ಒಂದು ನೂರು ಪುಟದ ನೋಟ್‌ಬುಕ್ ಇಟ್ಟು, ಕಳಿಸಿದವರಿಂದ ಹೆಸರು, ಪ್ಯಾನ್, ಮೊತ್ತ, ವ್ಯವಹಾರ ಸಂಖ್ಯೆಯ ಕೊನೆಯ ನಾಲ್ಕಂಕಿ ಬರೆಸಿಕೊಳ್ಳಿ. ಇದಕ್ಕಿಂತ ಉತ್ತಮ ತಂತ್ರಾಂಶವನ್ನು ನಾನು ಕಂಡಿಲ್ಲ. ಖಜಾಂಚಿಯ ಸ್ವಂತ ಖಾತೆಯ ಕ್ಯೂಆರ್ ಕೋಡನ್ನು ‘ತಾತ್ಕಾಲಿಕವಾಗಿ’ ಗೋಡೆಗೆ ಅಂಟಿಸುವುದನ್ನಂತೂ ಇಂದೇ ನಿಲ್ಲಿಸಿ.

ವಿದೇಶದಲ್ಲಿರುವ ಊರವರ ದೇಣಿಗೆಗೆ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಪಾಸ್‌ಪೋರ್ಟ್ ಯಾವ ದೇಶದ್ದು? ಭಾರತದ ಪಾಸ್‌ಪೋರ್ಟ್ ಇರುವವರು ದುಬೈಯಲ್ಲಿ ದುಡಿದು ಕೊಟ್ಟ ಹಣ ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದ ಮಗ ರಜೆಗೆ ಬಂದು ಅಮ್ಮನ ಹೆಸರಿನ ಕೊಠಡಿಗೆಂದು ರೂಪಾಯಿಯಲ್ಲೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಇಲ್ಲದ ಟ್ರಸ್ಟು ಅದನ್ನು ಮುಟ್ಟುವಂತಿಲ್ಲ. ಇದ್ದವರೂ 2020ರ ತಿದ್ದುಪಡಿಯ ನಂತರ ಅದನ್ನು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಯಲ್ಲೇ ಸ್ವೀಕರಿಸಬೇಕು.

ಮೂಲನಿಧಿಗೆಂದು, ಅಂದರೆ ಖರ್ಚಾಗದೆ ಬಂಡವಾಳವಾಗಿ ಉಳಿಯಲೆಂದು, ಕೊಡುವವರಿಂದ ಹಾಗೆಂದು ಸಹಿ ಮಾಡಿದ ಒಂದು ಸಾಲಿನ ಪತ್ರ ಪಡೆಯಿರಿ ಮತ್ತು ಆ ಹಣವನ್ನು ಕಾಯ್ದೆ ಒಪ್ಪುವ ಠೇವಣಿಯಲ್ಲಿ ಬೇರೆಯಾಗಿ ಇಡಿ. ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧಕರು ಕೇಳಿದಾಗ ‘ಅದು ಮೂಲನಿಧಿಯೇ’ ಎಂದು ಟ್ರಸ್ಟಿಗಳು ತೀರ್ಮಾನಿಸಿದರೆ ಅದು ಮೂಲನಿಧಿಯಾಗುವುದಿಲ್ಲ; ಹೇಳಬೇಕಾದವರು ದಾನಿ.

ಹುಂಡಿಯ ಹಣಕ್ಕೆ ರಸೀದಿಯ ಪ್ರಶ್ನೆಯೇ ಬರುವುದಿಲ್ಲ. ಕೇವಲ ಧಾರ್ಮಿಕ ಸಂಸ್ಥೆಗೆ ಅನಾಮಧೇಯ ಕಾಣಿಕೆಯ ಮೇಲೆ ತೆರಿಗೆ ಇಲ್ಲ. ದತ್ತಿ ಟ್ರಸ್ಟಾದರೆ ಒಟ್ಟು ದೇಣಿಗೆಯ ಶೇ 5 ಅಥವಾ 1 ಲಕ್ಷ ರೂಪಾಯಿ, ಯಾವುದು ಹೆಚ್ಚೋ ಅಷ್ಟನ್ನು ಬಿಟ್ಟು ಉಳಿದ ಅನಾಮಧೇಯ ಹಣಕ್ಕೆ ಶೇ 30 ತೆರಿಗೆ. ವರ್ಷಕ್ಕೆ 12 ಲಕ್ಷ ದೇಣಿಗೆ ಬಂದು ಅದರಲ್ಲಿ 3 ಲಕ್ಷಕ್ಕೆ ಹೆಸರು-ವಿಳಾಸ ಇಲ್ಲದಿದ್ದರೆ, 2 ಲಕ್ಷದ ಮೇಲೆ 60,000 ರೂಪಾಯಿ ಕಟ್ಟಬೇಕಾಗುತ್ತದೆ, ಸೆಸ್ ಬೇರೆ. ‘ಶ್ರೀ ಮಂಜುನಾಥ್’ ಎಂದಷ್ಟೇ ಬರೆದ ರಸೀದಿಗಳು ಈ ಲೆಕ್ಕಕ್ಕೇ ಜಾರುತ್ತವೆ.

ಪಟ್ಟಿ ಏರಿಸುವುದು

ಪುಸ್ತಕ ಸರಿಯಿದ್ದರೆ 10ಬಿಡಿ ಅರ್ಧ ದಿನದ ಕೆಲಸ. ಪೋರ್ಟಲಿನಿಂದ ಖಾಲಿ ಪಟ್ಟಿ ಇಳಿಸಿಕೊಂಡು ತುಂಬಿ, ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯದ ಕಡತ) ರೂಪದಲ್ಲಿ ಮರಳಿ ಏರಿಸಬೇಕು. ಇಲ್ಲಿ ಕೆಡಿಸುವುದು ಎಕ್ಸೆಲ್. ಹನ್ನೆರಡು ಅಂಕಿಯ ಆಧಾರ್ ಸಂಖ್ಯೆಯನ್ನು ಅದು ತಾನೇ ಜಾಣನೆಂದು ‘ಇ+11’ ಎಂಬ ಬಾಲವಿರುವ ದಶಮಾಂಶವಾಗಿ ತೋರಿಸಿ, ಸಿಎಸ್‌ವಿಯಾಗಿ ಉಳಿಸುವಾಗ ಹಾಗೆಯೇ ಉಳಿಸಿಬಿಡುತ್ತದೆ. ಆಮೇಲೆ ನಿಜವಾದ ಅಂಕಿಗಳು ಮರಳಿ ಬರುವುದಿಲ್ಲ. ಆ ಅಂಕಣವನ್ನು ತುಂಬುವ ಮೊದಲೇ ‘ಟೆಕ್ಸ್ಟ್’ ಎಂದು ಬದಲಾಯಿಸಿ, ಉಳಿಸಿದ ಕಡತವನ್ನು ಮತ್ತೆ ಎಕ್ಸೆಲ್‌ನಲ್ಲಿ ತೆರೆಯದೆ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ.

ಸಲ್ಲಿಸಿದ 24 ಗಂಟೆಗಳ ನಂತರ 10ಬಿಇ ಪ್ರಮಾಣಪತ್ರಗಳನ್ನು ಇಳಿಸಿಕೊಳ್ಳಬಹುದು. ಪಟ್ಟಿ ಸಲ್ಲಿಸುವುದಕ್ಕೂ ಪ್ರಮಾಣಪತ್ರ ಕೊಡುವುದಕ್ಕೂ ಕೊನೆಯ ದಿನ ಒಂದೇ, ಮೇ 31. ಆದ್ದರಿಂದ 30ರ ರಾತ್ರಿ ಏರಿಸಿದವರು ಮರುದಿನ ರಾತ್ರಿಯವರೆಗೆ ಪೋರ್ಟಲಿನ ಮುಂದೆ ಕಾಯುತ್ತಿರುತ್ತಾರೆ. ನನ್ನ ಪ್ರಕಾರ ಏಪ್ರಿಲ್ 30 ದಾಟಿಸಲೇಬಾರದು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದರ ಮೇಲೆ 10,000ದಿಂದ 1 ಲಕ್ಷದವರೆಗೆ ದಂಡ ಹಾಕುವ ಅವಕಾಶವೂ ಇದೆ. ತಪ್ಪು ಕಂಡುಬಂದರೆ ತಿದ್ದಿದ ಪಟ್ಟಿ ಸಲ್ಲಿಸಲು ಬರುತ್ತದೆ, ಆದರೆ ದಾನಿ ಹಳೆಯ ಪ್ರಮಾಣಪತ್ರದ ಸಂಖ್ಯೆಯನ್ನೇ ತನ್ನ ರಿಟರ್ನಿನಲ್ಲಿ ನಮೂದಿಸಿ ಕುಳಿತಿದ್ದರೆ ಅವರಿಗೆ ಫೋನ್ ಮಾಡಿ ತಿಳಿಸುವ ಕೆಲಸವೂ ನಿಮ್ಮದೇ. ವಯಸ್ಸಾದ ದಾನಿಗಳಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಕೈತೊಳೆದುಕೊಳ್ಳದೆ ಕಾಗದದಲ್ಲಿ ತೆಗೆದುಕೊಡಿ.

ಲೆಕ್ಕಪರಿಶೋಧನೆ, ರಿಟರ್ನ್ ಇವುಗಳನ್ನು ನಿಮ್ಮ ಲೆಕ್ಕಪರಿಶೋಧಕರು ನೋಡಿಕೊಳ್ಳುತ್ತಾರೆ. ಆಡಿಟ್ ವರದಿಗೆ ಸೆಪ್ಟೆಂಬರ್ 30, ರಿಟರ್ನಿಗೆ ಅಕ್ಟೋಬರ್ 31 ಎಂಬುದಷ್ಟು ನೆನಪಿರಲಿ. ರಸೀದಿಯ ಕಾರ್ಬನ್ ಪ್ರತಿಗಳು, ತಪ್ಪಾಗಿ ಬರೆದು ಅಡ್ಡಗೆರೆ ಎಳೆದ ಹಾಳೆಗಳೂ ಸೇರಿದಂತೆ, 10 ವರ್ಷ ಉಳಿಯಬೇಕು. ಕಾರ್ಬನ್ ಬರಹ ಅಷ್ಟು ಕಾಲ ಬಾಳುವುದು ಕಷ್ಟ, ಅದರಲ್ಲೂ ಮಲೆನಾಡಿನ ಮಳೆಗಾಲದಲ್ಲಿ. ಪುಸ್ತಕ ಮುಗಿದ ದಿನವೇ ಪ್ರತಿ ಪುಟದ ಫೋಟೊ ತೆಗೆದಿಡಿ.