ಫೋನು ಸತ್ತಂಗೆ ಮಲಗಿದ್ರೂ ತೋಟದ ಮೋಟಾರು ಕೂಗಿಸ್ತದೆ: ನನ್ನ ಅನುಭವ

ಚನ್ನಗಿರಿ ಕಡೆಯ 38 ಅಡಿಕೆ ತೋಟಗಳಲ್ಲಿ ಈ ಬೇಸಿಗೆ ಪೂರ್ತಿ ನನ್ನ ಆ್ಯಪ್, ಅದು ತಪ್ಪಿದ ಕಡೆ ಒಂದು ಫೋನ್ ಕರೆ, ರಾತ್ರಿ ಹೊತ್ತು ಸರಿಯಾಗಿ ಕೂಗಿದೆ. ತ್ರೀ ಫೇಸ್ ಕರೆಂಟ್ ಬಂದ್ರೆ ಒಂದು ಕೂಗು, ಬೋರಲ್ಲಿ ನೀರು ಬತ್ತಿ ಮೋಟಾರ್ ಡ್ರೈ ರನ್ ಆದ್ರೆ ಇನ್ನೊಂದು ಕೂಗು. ಇಷ್ಟೇ ಕೆಲಸ. ಇಷ್ಟಕ್ಕೆ ಎರಡು ವರ್ಷ ತಿಂದಿದೀನಿ. "ಆಂಡ್ರಾಯ್ಡಲ್ಲಿ ಸ್ಕ್ರೀನ್ ಹಿಂದೆ ಓಡೋ ಬ್ಯಾಕ್‌ಗ್ರೌಂಡ್ ಆ್ಯಪ್ ನಂಬ್ಕೊಂಡು ರೈತರ ಹತ್ರ ದುಡ್ಡು ಇಸ್ಕೊಂಡ್ರೆ ಅಂಗಡಿ ಬಾಗಿಲು ಹಾಕ್ತೀಯ" ಅಂದವರಲ್ಲಿ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನನ್ನ ಕ್ಲಾಸ್‌ಮೇಟೂ ಒಬ್ಬ. ಅವನು ಓದ್ಲಿ ಅಂತಲೇ ಬರೀತಿದೀನಿ.

ಮೊದಲನೇ ಪ್ರಯತ್ನ ಸಲೀಸಾಗಿತ್ತು. ಸ್ಟಾರ್ಟರ್ ಪಕ್ಕ ಸಿಮ್ ಹಾಕಿದ ಬಾಕ್ಸು, ಅದು ಸರ್ವರ್‌ಗೆ ಹೇಳ್ತದೆ, ಸರ್ವರಿಂದ ಎಫ್‌ಸಿಎಂ (ಆ್ಯಪ್‌ಗಳಿಗೆ ಮೆಸೇಜು ಮುಟ್ಟಿಸೋ ಗೂಗಲ್ ಸೇವೆ) ಮೂಲಕ ಫೋನಿಗೆ. ದಾವಣಗೆರೆಯ ನನ್ನ ಅಂಗಡಿ ಟೇಬಲ್ ಮೇಲೆ ನಾಲ್ಕು ದಿನ ಒಂದೂ ತಪ್ಪಿಲ್ಲ, ಎರಡು ಸೆಕೆಂಡಲ್ಲಿ ಟಣ್ ಅಂತಿತ್ತು. ಬೀಗಿಬಿಟ್ಟೆ. ಐದನೇ ರಾತ್ರಿ ಗಿರಾಕಿ ಒಬ್ಬರ ತೋಟದ ಮನೇಲಿ ಮಲಗಿದೆ. ಫೋನು ಮಂಚದ ಪಕ್ಕ ಸ್ಟೂಲ್ ಮೇಲೆ. ಒಂದೂ ಹತ್ತರ ಹೊತ್ತಿಗೆ ಹೊರಗಿನ ಬಲ್ಬು ಹತ್ತಿತು, ಸ್ಟಾರ್ಟರ್ ಖಟ್ ಅಂತು. ಫೋನು ಕಲ್ಲು. ಐದು ನಿಮಿಷ, ಹತ್ತು ನಿಮಿಷ, ಊಹೂಂ. ತಡೀಲಾರದೆ ಕೈಗೆತ್ತಿ ಸ್ಕ್ರೀನ್ ಒತ್ತಿದೆ ನೋಡಿ, ಹನ್ನೊಂದು ಮೆಸೇಜು ಒಂದರ ಮೇಲೊಂದು ಬಿದ್ದವು, ಮಂಡಕ್ಕಿ ಚೀಲ ಒಡೆದಂಗೆ. ಯಜಮಾನರು ಚಾದರದೊಳಗಿಂದಲೇ "ನೀನೇ ಎದ್ದು ಅದನ್ನ ಎಬ್ಬಿಸಿದ್ಯಲ್ಲಪ್ಪಾ" ಅಂದ್ರು.

ತಪ್ಪು ಎಲ್ಲಿತ್ತು ಗೊತ್ತಾ? ಅಂಗಡಿಯಲ್ಲಿ ಫೋನು ಯಾವಾಗಲೂ ಯುಎಸ್‌ಬಿ ಕೇಬಲ್‌ಗೆ ಸಿಕ್ಕಿಸಿರ್ತಿದ್ದೆ. ಚಾರ್ಜ್ ಆಗ್ತಿರೋ ಫೋನು ಡೋಝ್‌ಗೆ, ಅಂದ್ರೆ ಬ್ಯಾಟರಿ ಉಳಿಸೋಕೆ ಆಂಡ್ರಾಯ್ಡ್ ಮಾಡೋ ನಿದ್ದೆಗೆ, ಹೋಗೋದೇ ಇಲ್ಲ! ಸ್ಕ್ರೀನ್ ಆರಿ, ಅಲುಗಾಡದೆ, ಚಾರ್ಜರ್ ಇಲ್ಲದೆ ಬಿದ್ದಿದ್ರೇನೇ ಗಾಢ ನಿದ್ದೆ. 2015ರ ಮಾರ್ಷ್‌ಮೆಲೋ (ಆಂಡ್ರಾಯ್ಡ್ 6) ಕಾಲದಿಂದ ಇರೋ ಸಂಗತಿ, ಓದಿದ್ದೆ, ತಲೆಗೆ ಇಳಿದಿರಲಿಲ್ಲ. ಮೆಸೇಜು ಬೇರೆ ನಾರ್ಮಲ್ ಪ್ರಯಾರಿಟೀಲಿ, ಅಂದ್ರೆ ತುರ್ತಿಲ್ಲದ ದರ್ಜೇಲಿ ಕಳಿಸ್ತಿದ್ದೆ, ಮಲಗಿದ ಫೋನಿಗೆ ಅದು ತಡವಾಗೇ ಮುಟ್ಟೋದು. ಆಮೇಲಿಂದ ಟೆಸ್ಟ್ ಅಂದ್ರೆ ಮೊದಲು ಡಂಪ್‌ಸಿಸ್ ಬ್ಯಾಟರಿ ಅನ್‌ಪ್ಲಗ್ (ಚಾರ್ಜರ್ ಕಿತ್ತಿದೆ ಅಂತ ಫೋನನ್ನ ನಂಬಿಸೋ ಕಮಾಂಡು), ಆಮೇಲೆ ಡಿವೈಸ್‌ಐಡಲ್ ಫೋರ್ಸ್-ಐಡಲ್ (ಬಲವಂತವಾಗಿ ಮಲಗಿಸೋದು). ಅದಿಲ್ಲದ ಟೆಸ್ಟು ನನ್ನ ಲೆಕ್ಕದಲ್ಲಿ ಟೆಸ್ಟೇ ಅಲ್ಲ.

ಎರಡನೇ ಸಲ ಫೋರ್‌ಗ್ರೌಂಡ್ ಸರ್ವೀಸು (ಬಳಸೋರಿಗೆ ಕಾಣೋ ಹಂಗೆ ಸದಾ ಓಡೋ ಆ್ಯಪಿನ ಭಾಗ), ಸರ್ವರ್ ಜೊತೆ ಸದಾ ತೆರೆದಿರೋ ಎಂಕ್ಯೂಟಿಟಿ ಅನ್ನೋ ಹಗುರ ಸಂದೇಶದ ಕನೆಕ್ಷನ್, ಮೇಲೊಂದು ಕಾಯಂ ನೋಟಿಫಿಕೇಶನ್. ಸಾದಾ ಆಂಡ್ರಾಯ್ಡಲ್ಲಿ ಬದುಕ್ತು. ಆದ್ರೆ ಹಳ್ಳೀಲಿ ಸಾದಾ ಆಂಡ್ರಾಯ್ಡ್ ಯಾರ ಹತ್ರ ಐತೆ? ಕಮ್ಮಿ ದರದ ಫೋನುಗಳಲ್ಲಿ ಕಂಪನಿಯವರೇ ತಮ್ಮದೊಂದು ಬ್ಯಾಟರಿ ಕಾವಲುಗಾರನ್ನ ಕೂರಿಸಿರ್ತಾರೆ. ರಾತ್ರಿ ಸ್ಕ್ರೀನ್ ಆರಿದ ಮೇಲೆ ಅವನು ಎಲ್ಲರನ್ನೂ ಹೊರಗೆ ಹಾಕ್ತಾನೆ. ಕೆಲವು ಮಾಡೆಲ್‌ನಲ್ಲಿ ರೀಸೆಂಟ್ಸಿಂದ (ಇತ್ತೀಚೆಗೆ ತೆರೆದ ಆ್ಯಪ್‌ಗಳ ಪಟ್ಟಿ) ಆ್ಯಪನ್ನ ಮೇಲಕ್ಕೆ ತಳ್ಳಿದ್ರೆ ಫೋರ್ಸ್ ಸ್ಟಾಪ್, ಅಂದ್ರೆ ಪೂರ್ತಿ ಬಂದ್ ಮಾಡಿದ ಹಂಗೇ, ಆಮೇಲೆ ಎಫ್‌ಸಿಎಂ ಕೂಡ ಒಳಗೆ ಬರಲ್ಲ. ಆಂಡ್ರಾಯ್ಡ್ 13 ಬಂದಮೇಲಂತೂ ಓಡ್ತಿರೋ ಆ್ಯಪ್‌ಗಳ ಪಟ್ಟಿ, ಪಕ್ಕದಲ್ಲೇ ಸ್ಟಾಪ್ ಬಟನ್. ಮೊಮ್ಮಗ ಗೇಮ್ ಆಡೋಕೆ ಮುಂಚೆ ಎಲ್ಲಾ ಒತ್ತಿ ಕ್ಲೀನ್ ಮಾಡ್ತಾನೆ.

ಒಂದೊಂದು ಬ್ರ್ಯಾಂಡಿನ ನಡತೆ ನೋಡೋಕೆ ಸೆಕೆಂಡ್ ಹ್ಯಾಂಡ್ ಫೋನು ಏಳು ಕೊಂಡೆ, ಸುಮಾರು 31 ಸಾವಿರ. ಸಿಮ್ಮು, ರೀಚಾರ್ಜು, ಸುಟ್ಟ ಬಾಕ್ಸುಗಳು, ಚನ್ನಗಿರಿಗೆ ಓಡಾಡಿದ ಪೆಟ್ರೋಲು ಎಲ್ಲಾ ಸೇರಿ 80 ದಾಟಿತು. ಮನೇಲಿ ಹೇಳಿದ ಲೆಕ್ಕ 45. ಮೊದಲ 6 ಗಿರಾಕಿಗಳಿಗೆ ದುಡ್ಡು ವಾಪಸ್ ಕೊಟ್ಟೆ. ಒಬ್ಬರು ಮಾತ್ರ ಬೇಡ ಅಂದ್ರು, ಅವರಿಗೆ ಈಗಲೂ ವರ್ಷದ ಚಾರ್ಜಿಲ್ಲ.

ಆ ಏಳು ಫೋನಲ್ಲಿ ಎರಡು ಒಂದೇ ಮಾಡೆಲ್ ಇದ್ವು, ರೀಸೆಂಟ್ಸ್ ಖಾಲಿ ಮಾಡಿದ್ರೆ ಬ್ಯಾಟರಿ ಉಳೀತದೆ ಅಂತ ಅಂಗಡೀಲಿ ಎಲ್ಲರೂ ಮಾಡೋ ವಾದಕ್ಕೆ ಒಂದು ಪ್ರಯೋಗ ಮಾಡಿದೆ. ಒಂದರಲ್ಲಿ ಪ್ರತಿ ಸಲವೂ ರೀಸೆಂಟ್ಸ್ ಖಾಲಿ, ಇನ್ನೊಂದು ಇದ್ದಂಗೇ. ವಾರಪೂರ್ತಿ ನೋಡಿದ್ರೆ ಸಂಜೆ ಹೊತ್ತಿಗೆ ಖಾಲಿ ಮಾಡಿದ್ದೇ ಬ್ಯಾಟರೀಲಿ ಐದಾರು ಪರ್ಸೆಂಟ್ ಹಿಂದೆ. ಸುಮ್ಮನೆ ರ‍್ಯಾಮಲ್ಲಿ ಕೂತ ಆ್ಯಪ್ ಏನೂ ತಿನ್ನಲ್ಲ, ಜಾಗ ಬೇಕಾದಾಗ ಸಿಸ್ಟಮ್ಮೇ ಎತ್ತಿ ಹಾಕ್ತದೆ. ಕೊಂದು ಮತ್ತೆ ಮೊದಲಿಂದ ಎಬ್ಬಿಸೋದೇ ದುಬಾರಿ. ಗಿರಾಕಿಗಳು ನಂಬಿಲ್ಲ ಬಿಡಿ.

ಶಬ್ದವಿಲ್ಲದ ಆಡಿಯೋ ಓಡಿಸಿ ಬದುಕಿಸೋ ಕಳ್ಳಾಟವನ್ನೂ ಆಡಿದೆ, ಬ್ಯಾಟರಿ ಬೆಳಗ್ಗೆ ಹೊತ್ತಿಗೆ ಮಕಾಡೆ. ಐದು ನಿಮಿಷಕ್ಕೊಂದು ಹೈ ಪ್ರಯಾರಿಟಿ ಮೆಸೇಜು ಸದ್ದಿಲ್ಲದೆ ಕಳಿಸಿ ಎಚ್ಚರ ಇಡೋಕೆ ನೋಡಿದೆ. ಒಂದು ವಾರ ಚೆನ್ನಾಗಿತ್ತು, ಆಮೇಲೆ ಅವೂ ತಡವಾಗಿ ಬರೋಕೆ ಶುರು. ಕಣ್ಣಿಗೆ ಕಾಣೋ ನೋಟಿಫಿಕೇಶನ್ ಇಲ್ಲದೆ ಹಂಗೆ ಕಳಿಸ್ತಾ ಇದ್ರೆ ಗೂಗಲ್ಲೇ ದರ್ಜೆ ಇಳಿಸ್ತದೆ. ದಿನಾ ತೋಳ ಬಂತು ಅಂತ ಕೂಗಿದ ಹುಡುಗನ ಕಥೆ ಆಯ್ತು.

ಆಗ ಹೊಳೀತು, ಆ್ಯಪನ್ನ ಬದುಕಿಸೋ ಹಟವೇ ದಂಡ. ಮಲಗಲಿ. ಈಗ ಹೈ ಪ್ರಯಾರಿಟಿ ಬಳಸೋದು ನಿಜವಾದ ಕೂಗಿಗೆ ಮಾತ್ರ, ಬಂದ ತಕ್ಷಣ ನೋಟಿಫಿಕೇಶನ್ನು, ಅಲಾರಂ ದನಿ. ಸಂದೇಶದ ಆಯಸ್ಸು 90 ಸೆಕೆಂಡ್, ಯಾಕಂದ್ರೆ ಕರೆಂಟ್ ಹೋದಮೇಲೆ "ಬಂತು" ಅಂತ ಕೂಗಿದ್ರೆ ಬೈಗುಳ ಗ್ಯಾರಂಟಿ. ಫೋನಿಂದ "ಕೂಗಿದೆ" ಅನ್ನೋ ಉತ್ತರ 40 ಸೆಕೆಂಡಲ್ಲಿ ಬರಲಿಲ್ಲ ಅಂದ್ರೆ ಬಾಕ್ಸಿನ ಸಿಮ್ಮಿಂದಲೇ ನೇರ ಕರೆ. ಕರೆ ತಗೊಳ್ಳೋ ಆ್ಯಪನ್ನ ಕೊಲ್ಲೋ ಧೈರ್ಯ ಯಾವ ಕಂಪನಿಗೂ ಇಲ್ಲ! ಆ ನಂಬರಿಗೆ ಬೇರೆ ರಿಂಗ್‌ಟೋನು. ಆಟೋಸ್ಟಾರ್ಟ್, ಬ್ಯಾಟರಿ ವಿನಾಯಿತಿ, ರೀಸೆಂಟ್ಸಲ್ಲಿ ಬೀಗ, ಆ್ಯಪನ್ನ ಕೊಲ್ಲದಂಗೆ ಫೋನಿಗೆ ಹೇಳೋ ಈ ಮೂರು ಸೆಟಿಂಗನ್ನ ನಾನೇ ಕೈಯಾರೆ ಮಾಡಿ ಬರ್ತೀನಿ, ಫೋನಲ್ಲಿ ಹೇಳಿ ಮಾಡಿಸೋಕೆ ಹೋಗಲ್ಲ. ಜೊತೆಗೆ, ಯಾರ ಫೋನಲ್ಲಿ ಆ್ಯಪ್ ಸತ್ತಿದೆ ಅಂತ ಸಂಜೆ ಏಳಕ್ಕೇ ನನಗೆ ತಿಳೀತದೆ. ಹೆಂಗೆ ಅನ್ನೋದು ಇಲ್ಲಿ ಬೇಡ, ಹೊಟ್ಟೆಪಾಡು.

ಐಫೋನಿಟ್ಟ ಇಬ್ಬರಿದಾರೆ. ಅಲ್ಲಿ ನಾನು ಮಾಡೋಕೆ ಏನೂ ಇಲ್ಲ, ಹಿಂದೆ ಸರಿದ ಆ್ಯಪನ್ನ ಐಓಎಸ್ ಸ್ವಲ್ಪ ಹೊತ್ತಲ್ಲೇ ಹೆಪ್ಪುಗಟ್ಟಿಸ್ತದೆ. ಆದ್ರೆ ನೋಟಿಫಿಕೇಶನ್ ಸಿಸ್ಟಮ್ಮೇ ತೋರಿಸೋದ್ರಿಂದ, ಆ್ಯಪನ್ನ ಮೇಲಕ್ಕೆ ತಳ್ಳಿದ್ರೂ ಬರ್ತದೆ. ಸೈಲೆಂಟ್ ದಾಟಿ ಕೂಗೋಕೆ ಆಪಲ್‌ನ ಪ್ರತ್ಯೇಕ ಅನುಮತಿ ಬೇಕು, ಅದರ ತಂಟೆಗೆ ಹೋಗಿಲ್ಲ, ಕರೆ ಇದೆಯಲ್ಲ.

ಲೆಕ್ಕಕ್ಕೆ ಬಂದ್ರೆ, ತಿಂಗಳಿಗೆ ಸರ್ವರ್ ನಾನೂರು ಚಿಲ್ಲರೆ. ಈ ಬೇಸಿಗೇಲಿ ನೂರು ಕೂಗಿಗೆ 90ರ ಆಸುಪಾಸು ಆ್ಯಪಿಂದ, ಉಳಿದದ್ದು ಕರೆಯಿಂದ. ಮೂರು ಮನೆ ಫೋನು ಮಾತ್ರ ಏನೇ ಮಾಡಿದ್ರೂ ಬಗ್ಗಲಿಲ್ಲ. ಅಲ್ಲಿ ಆ್ಯಪ್ ಕಿತ್ತುಹಾಕಿ ಬರೀ ಕರೆ ಇಟ್ಟು, ಐನೂರು ಕಮ್ಮಿ ಇಸ್ಕೊಂಡು ಬಂದೆ.